ಕೆಂಪು ಗೆರೆಯ ಮಾತ್ರೆ

ಸೋಮವಾರ ಮಾವನಿದ್ದ ಐಸಿಯು ಬಾಗಿಲಲ್ಲಿ ನಿಂತು ಅತ್ತೆ ಕೊಟ್ಟ ಉತ್ತರ ನನ್ನ ಕಿವಿಯಿಂದ ಇನ್ನೂ ಹೋಗಿಲ್ಲ.

"ಈಚೆಗೆ ಯಾವ ಆ್ಯಂಟಿಬಯೋಟಿಕ್ ತಗೊಂಡಿದ್ರು, ಅಮ್ಮಾ?" ಎಂದು ಕಿರಿಯ ವೈದ್ಯೆ ಕೇಳಿದ್ದರು.

"ಹೆಸರು ಗೊತ್ತಿಲ್ಲಮ್ಮ. ಹಿಂದುಗಡೆ ಕೆಂಪು ಗೆರೆ ಇರುತ್ತಲ್ಲ, ಅದು. ಗೆರೆ ಇದ್ರೆ ಬೇಗ ವಾಸಿಯಾಗುತ್ತೆ."

ವೈದ್ಯರ ಚೀಟಿಯಿಲ್ಲದೆ ಕೊಳ್ಳಬಾರದೆಂದು ಎಚ್ಚರಿಸುವ ಗೆರೆಯದು. 2016ರಲ್ಲಿ ಸರ್ಕಾರ ಅದರ ಬಗ್ಗೆ ಪ್ರಚಾರವನ್ನೂ ನಡೆಸಿತ್ತು. ಅತ್ತೆಗೆ ಮಾತ್ರ ಅದು ಒಳ್ಳೆಯ ಮಾತ್ರೆಯ ಗುರುತಾಗಿತ್ತು. ಹಾಗೆಂದು ಅವರನ್ನು ದೂರಲಾರೆ. ಗೆರೆ ತೋರಿಸಿದರೆ ಸಾಕು, ಮಾತಿಲ್ಲದೆ ಎಣಿಸಿ ಕೊಡುವ ಮೆಡಿಕಲ್ ಶಾಪಿನವರ ಮೇಲೆಯೇ ನನಗೆ ಹೆಚ್ಚು ಸಿಟ್ಟು.

ಸೊಂಟದ ಮೂಳೆ ಮುರಿದು ಶಸ್ತ್ರಚಿಕಿತ್ಸೆಯಾಗಿದ್ದ ಮಾವನಿಗೆ ಒಂಬತ್ತನೆಯ ದಿನ ಚಳಿಜ್ವರ ಹತ್ತಿತು. ರಕ್ತದ ಕಲ್ಚರ್ ವರದಿಯಲ್ಲಿ ಕ್ಲೆಬ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾದ ಹೆಸರು, ಅದರ ಕೆಳಗೆ ಹದಿನಾಲ್ಕು ಔಷಧಗಳು. ಹದಿಮೂರರ ಮುಂದೆ 'ಆರ್', ಅಂದರೆ ನಾಟುವುದಿಲ್ಲ. ಕೊನೆಯ ಆಸರೆಯೆಂದು ನಾನು ಕೇಳಿದ್ದ ಮೆರೊಪೆನೆಮ್‌ಗೂ ಅದೇ ಅಕ್ಷರ. ಕೊಲಿಸ್ಟಿನ್ ಒಂದರ ಮುಂದೆ 'ಐ' ಇತ್ತು, ಅಂದರೆ ಖಚಿತವಿಲ್ಲ, ನಾಟಿದರೂ ನಾಟೀತು. ಮೂತ್ರಪಿಂಡಕ್ಕೆ ಹಾನಿಯೆಂದು ವೈದ್ಯರು ಒಮ್ಮೆ ಬದಿಗಿಟ್ಟಿದ್ದ ಹಳೆಯ ಔಷಧವದು. ಈಗ ಮೂತ್ರಪಿಂಡದ ಸ್ಥಿತಿ ತಿಳಿಯಲು ಮಾವನ ರಕ್ತದ ಕ್ರಿಯಾಟಿನಿನ್ ಅನ್ನು ದಿನವೂ ಅಳೆಯುತ್ತ ಅದನ್ನೇ ಕೊಡುತ್ತಿದ್ದಾರೆ.

ಕರುಳಿನಲ್ಲಿ ತಂಟೆ ಮಾಡದೆ ಇರಬಲ್ಲ ಈ ಜೀವಿ ಕ್ಯಾತಿಟರ್, ಸೂಜಿ, ತೊಳೆಯದ ಕೈಗಳ ದಾರಿಯಲ್ಲಿ ರೋಗಿಯ ರಕ್ತ ಸೇರುತ್ತದೆ. ಔಷಧವನ್ನು ಒಡೆದುಹಾಕುವ ಕಿಣ್ವದ ಜೀನನ್ನು ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಉಂಗುರದ ಮೂಲಕ ಬೇರೆ ಜಾತಿಯ ಬ್ಯಾಕ್ಟೀರಿಯಾಗಳಿಗೂ ದಾಟಿಸಬಲ್ಲದು. ಅಂಥ ಒಂದು ಕಿಣ್ವಕ್ಕೆ ನವದೆಹಲಿಯ ಹೆಸರಿಟ್ಟಾಗ ದೇಶಕ್ಕೆ ಅವಮಾನವಾಯಿತೆಂದು ಎಷ್ಟು ಗಲಾಟೆಯಾಗಿತ್ತು! ಹೆಸರಿನ ಬಗ್ಗೆ ತೋರಿದ ಆ ರೋಷದ ಕಾಲುಪಾಲಾದರೂ ವಾರ್ಡಿನ ಕೈತೊಳೆಯುವ ತೊಟ್ಟಿಯ ಬಗ್ಗೆ ಇದ್ದಿದ್ದರೆ ಎಂದು, ಹಾಸಿಗೆಯ ಬದಿಯಲ್ಲಿ ನೇತುಹಾಕಿದ್ದ ಖಾಲಿ ಸ್ಯಾನಿಟೈಸರ್ ಬಾಟಲಿ ನೋಡುತ್ತ ಅಂದುಕೊಂಡೆ. ಹಿರಿಯ ವೈದ್ಯರೋ, "ಇದು ಎಲ್ಲಾ ಕಡೆ ಇರೋದೇ" ಎಂದು ತಲೆಯೆತ್ತದೆ ಹೇಳಿ ಹೋದರು.

ಮನೆಯ ಮಾತ್ರೆಗಳಿಂದಲೇ ಹೀಗಾಯಿತೋ, ಆಸ್ಪತ್ರೆಯಲ್ಲೇ ಅಂಟಿತೋ ಎಂದು ಕೇಳಿದಾಗ, "ಎರಡೂ ಇರಬಹುದು, ಬಿಡಿಸಿ ಹೇಳೋಕಾಗಲ್ಲ" ಎಂದವರು ಆ ಕಿರಿಯ ವೈದ್ಯೆಯೊಬ್ಬರೇ. ಅವರ ಪ್ರಾಮಾಣಿಕತೆ ನನಗೆ ಹಿಡಿಸಿತು, ಧೈರ್ಯ ಮಾತ್ರ ಬರಲಿಲ್ಲ.

ನಿನ್ನೆ ಮಾವನ ಮೇಜಿನ ಡ್ರಾಯರಿನಲ್ಲಿ ಸಿಕ್ಕ ಸೆಫಿಕ್ಸಿಮ್ ಎಂಬ ಆ್ಯಂಟಿಬಯೋಟಿಕ್‌ನ ಸ್ಟ್ರಿಪ್ ಒಯ್ದು ತೋರಿಸಿದೆ. ಹತ್ತರಲ್ಲಿ ನಾಲ್ಕು ಉಳಿದಿದ್ದವು. ವೈದ್ಯೆ ಹೆಸರು ಬರೆದುಕೊಂಡು ಸ್ಟ್ರಿಪ್ ಹಿಂದಿರುಗಿಸಿದರು. ಅತ್ತೆ ಅದನ್ನು ಜೋಪಾನವಾಗಿ ಪರ್ಸಿಗೆ ಸೇರಿಸಿಕೊಂಡರು.