ಕೆರೆ ಸರಪಳಿ ಮಾದರಿ: ಅಂತೂ ಕೋಡಿ ಬಿತ್ತು

ಹಲಗೆಯ ಮೇಲೆ ಕಟ್ಟಿದ ಮಾದರಿಯ ಮೂರೂ ಕೆರೆ ಈಗ ಒಂದಾದ ಮೇಲೊಂದು ಕೋಡಿ ಬೀಳುತ್ತಿವೆ. ಹಲಗೆ ಕೂರಿಸೋದು, ಥರ್ಮಾಕೋಲ್ ಪದರ ಕೊರೆಯೋದು, ಏರಿಗೆ ಗಾರೆ ಬಳಿಯೋದು ನಿಮಗೆಲ್ಲ ಗೊತ್ತಿರುವ ಕೆಲಸ, ಬಿಟ್ಟುಬಿಡೋಣ. ಅಳತೆ ಮಾತ್ರ ನೆನಪಿರಲಿ. ಮಾದರಿ ಕೋಲಾರದ ಪಾಲಾರ್ ನದಿ ಕೊಳ್ಳದ ಸಣ್ಣ ಕೆರೆಗಳದ್ದು: 8×4 ಅಡಿ ಪ್ಲೈವುಡ್, ಅಡ್ಡಳತೆ 1:1000, ಎತ್ತರ 1:50. 20 ಹೆಕ್ಟೇರ್ ಕೆರೆ ಇಲ್ಲಿ 0.2 ಚದರ ಮೀಟರ್, ತುಂಬಿದರೆ 6 ಲೀಟರ್. 60 ಮೀಟರ್ ಉದ್ದದ ಕೋಡಿ 60 ಮಿಲಿಮೀಟರ್ ಆಗುತ್ತದೆ. ಈ ಅಳತೆಯಲ್ಲಿ ಒಂದು ದಿನದ ಮಳೆ ಸುಮಾರು 10 ನಿಮಿಷದಲ್ಲಿ ಮುಗಿಯುತ್ತದೆ.

ತಲೆ ತಿಂದದ್ದು ಕೋಡಿ. ನಿಜವಾದ ಕೋಡಿಯ ಮೇಲೆ 20 ಸೆಂಟಿಮೀಟರ್ ನೀರು ಹರಿದರೆ ಮಾದರಿಯಲ್ಲಿ ಅದು ಬರೀ 4 ಮಿಲಿಮೀಟರ್. Q = 1.7 L H^1.5 ಸೂತ್ರದ (Q ಹರಿವು, L ಕೋಡಿಯ ಉದ್ದ, H ಅದರ ಮೇಲಿನ ನೀರಿನ ಎತ್ತರ) ಪ್ರಕಾರ ನಿಮಿಷಕ್ಕೆ ಒಂದೂವರೆ ಲೀಟರ್ ಇಳಿಯಬೇಕು. ಆದರೆ ಅಕ್ರಿಲಿಕ್ ಕೋಡಿಯಲ್ಲಿ, ತುಂಬಿದ ಲೋಟದ ಅಂಚಿನಲ್ಲಿ ಉಬ್ಬಿ ನಿಲ್ಲುವ ಹಾಗೆ, ನೀರು 3 ಮಿಲಿಮೀಟರ್‌ವರೆಗೆ ಏರಿ ನಿಂತುಬಿಡುತ್ತದೆ, ಒಂದು ಹನಿಯೂ ದಾಟುವುದಿಲ್ಲ. ಆಮೇಲೆ ಯಾವುದೋ ಒಂದು ಮೂಲೆಯಲ್ಲಿ ಒಡೆದು ಭರ್ರೆಂದು ಹರಿಯುತ್ತದೆ, ಮಟ್ಟ ಇಳಿದೊಡನೆ ಮತ್ತೆ ನಿಲ್ಲುತ್ತದೆ. ಕೆಳಗಿನ ಕೆರೆಗೆ ಹರಿವಿನ ಬದಲು ಬಿಕ್ಕಳಿಕೆ ತಲುಪುತ್ತದೆ. ಆ 3 ಮಿಲಿಮೀಟರ್ ಎಂದರೆ 600 ಮಿಲಿಲೀಟರ್, ಕೆರೆಯ ಹತ್ತನೇ ಒಂದು ಪಾಲು. ನಿಜದ ಲೆಕ್ಕಕ್ಕೆ ತಂದರೆ 30,000 ಘನ ಮೀಟರ್ ನೀರು ಸುಮ್ಮನೆ ಮೇಲೇ ಉಳಿದ ಹಾಗೆ. ಮೇಲ್ಮೈ ಸೆಳೆತಕ್ಕೆ ನಮ್ಮ ಅಳತೆಯ ಪಟ್ಟಿ ಗೊತ್ತಿಲ್ಲವಲ್ಲ!

ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ ಹಾಕಿದರೆ ಉಬ್ಬು ಕಮ್ಮಿಯಾಗುತ್ತದೆ ನಿಜ, ಆದರೆ ನೀರು ಮೇಲಕ್ಕೆತ್ತುವ ಪಂಪ್ ಅದನ್ನೆಲ್ಲ ನೊರೆ ಮಾಡಿ ಕೆಳಗಿನ ಕೆರೆಯನ್ನು ಬೆಳ್ಳಂದೂರು ಮಾಡಿಬಿಡುತ್ತದೆ. ಕೋಡಿಯ ಮೇಲೆ ಹತ್ತಿ ಬಟ್ಟೆಯ ಪಟ್ಟಿ ಹಾಸಿದರೆ ಉಬ್ಬು ಪೂರ್ತಿ ಮಾಯ. ಜೊತೆಗೆ ಕೆರೆಯೂ ಮಾಯವಾಗುತ್ತ ಹೋಗುತ್ತದೆ: ಬಟ್ಟೆ ಬತ್ತಿಯಂತೆ ನೀರೆಳೆದು, ಕೋಡಿ ಮಟ್ಟದಿಂದ ಕೆಳಗಿಳಿದ ಮೇಲೂ ಹನಿಸುತ್ತಲೇ ಇರುತ್ತದೆ. 90 ಡಿಗ್ರಿ ವಿ-ನಾಚ್ (V ಆಕಾರದ ಕಚ್ಚು) ಕೊರೆದರೆ ನೀರು ಚೆನ್ನಾಗಿಯೇ ಹಾರುತ್ತದೆ, ಆದರೆ ಅದೇ ಒಂದೂವರೆ ಲೀಟರಿಗೆ ಮಟ್ಟ 13 ಮಿಲಿಮೀಟರ್ ಏರಬೇಕು. ಎಂದರೆ ನಿಜದ ಕೋಡಿಯ ಮೇಲೆ 65 ಸೆಂಟಿಮೀಟರ್. ಯಾವ ಊರಿನವರೂ ಒಪ್ಪುವ ಮಾತಲ್ಲ.

ಪರಿಹಾರ ಸಿಕ್ಕಿದ್ದು ಸಿಮೆಂಟಿನಲ್ಲಿ. ಅಕ್ರಿಲಿಕ್ ತೆಗೆದು, ಒಂದಕ್ಕೊಂದು ಸಿಮೆಂಟ್ ಮತ್ತು ಜರಡಿ ಹಿಡಿದ ನಯ ಮರಳಿನ ಗಾರೆಯಲ್ಲಿ 10 ಮಿಲಿಮೀಟರ್ ಅಗಲದ ಕೋಡಿ ಎರೆಯಬೇಕು. ಕೆಳಬದಿಗೆ 1:4 ಇಳಿಜಾರು, ನಡುವೆ ಎಲ್ಲೂ ಅಂಚು ಬರಕೂಡದು. ಒಂದು ವಾರ ಕ್ಯೂರಿಂಗ್, ಆಮೇಲೆ 400 ನಂಬರ್ ವಾಟರ್ ಪೇಪರಿನಲ್ಲಿ ತಿಕ್ಕಿ ಮಟ್ಟ. ನೆಂದ ಸಿಮೆಂಟನ್ನು ನೀರು ಹಿಡಿದುಕೊಳ್ಳುತ್ತದೆ, ಹಾಗಾಗಿ ಅಂಚಿನಲ್ಲಿ ತಡೆಯುವುದಿಲ್ಲ. ಉಬ್ಬು 1 ಮಿಲಿಮೀಟರಿಗಿಂತ ಕಮ್ಮಿ, ಹರಿವು ಪೂರ್ತಿ 60 ಮಿಲಿಮೀಟರ್ ಉದ್ದಕ್ಕೂ ಒಂದೇ ಸಮ. ಷರತ್ತು ಒಂದೇ: ಪಂಪ್ ಹಾಕುವ ಮುಂಚೆ ಕೋಡಿಗೂ ಇಳಿಜಾರಿಗೂ ಸ್ಪ್ರೇ ಹೊಡೆದು ನೆನೆಸಬೇಕು. ಒಣಗಿದ್ದರೆ ಹಳೇ ಚಾಳಿ. ವಾರ್ನಿಶ್ ಅಥವಾ ವಾಟರ್‌ಪ್ರೂಫ್ ಬಣ್ಣ ಬಳಿದಿರೋ, ಮಾಡಿದ್ದೆಲ್ಲ ದಂಡ.

ಪಂಪ್ ಮಾರುವವರ ವಿಷಯ ಕೇಳಲೇಬೇಡಿ. ಡಬ್ಬಿಯ ಮೇಲೆ ಗಂಟೆಗೆ 240 ಲೀಟರ್ ಅಂತ ದಪ್ಪಕ್ಷರ. ಮುಕ್ಕಾಲು ಮೀಟರ್ ಎತ್ತಿಸಿ ನೋಡಿ, ಅರ್ಧವೂ ಬರಲ್ಲ. ಹರಿವು ಅಳೆಯುವ ವೈಎಫ್-ಎಸ್201 ಫ್ಲೋ ಸೆನ್ಸರ್ ನಂಬಿ ಕೂರಬೇಡಿ, ಅದರ ವ್ಯಾಪ್ತಿ ನಿಮಿಷಕ್ಕೆ 1ರಿಂದ 30 ಲೀಟರ್, ನಮ್ಮದು ಅದರ ಬುಡದಲ್ಲೇ ಇದೆ. ಅಳತೆ ಜಾರ್ ಮತ್ತು ಸ್ಟಾಪ್‌ವಾಚ್ ಸಾಕು.

ಆವಿಯ ಲೆಕ್ಕ ಬೇರೆ. ದಿನಕ್ಕೆ 5 ಮಿಲಿಮೀಟರ್ ಆವಿಯಾದರೆ ಇಲ್ಲಿ 10 ನಿಮಿಷಕ್ಕೆ 0.1 ಮಿಲಿಮೀಟರ್ ಇಳಿಯಬೇಕು, ಕೋಣೆಯ ಗಾಳಿಗೆ ಅಷ್ಟು ದಮ್ಮಿಲ್ಲ. ಪ್ರತಿ ಕೆರೆಯಿಂದ ನಿಮಿಷಕ್ಕೆ 2 ಮಿಲಿಲೀಟರ್ ನಾವೇ ತೆಗೆಯಬೇಕು. ಮೆಡಿಕಲ್ ಶಾಪಿನ ಗ್ಲೂಕೋಸ್ ಸೆಟ್ಟಿನಲ್ಲಿ 20 ಹನಿಗೆ 1 ಮಿಲಿಲೀಟರ್, ಆದ್ದರಿಂದ ನಿಮಿಷಕ್ಕೆ 40 ಹನಿಗೆ ಚಕ್ರ ತಿರುಗಿಸಿಡಿ. ನೀರಿನ ಮಟ್ಟ ಇಳಿದಂತೆ ಹನಿಯೂ ನಿಧಾನವಾಗುತ್ತದೆ, ಆಗಾಗ ಎಣಿಸುತ್ತಿರಿ.

ಮುಂದಿನದು ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆ. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಬರುತ್ತಿರುವುದರಿಂದ, ಮಳೆಯಿಲ್ಲದೆಯೂ ಕೋಡಿ ಬೀಳುವ ಸರಪಳಿ ಮಾಡಿ ನೋಡಬೇಕು. ಮೇಲಿನ ಕೆರೆಗೆ ದಿನಕ್ಕೆ 1 ಕೋಟಿ ಲೀಟರ್ ಅಂತ ಹಿಡಿದರೂ ಮಾದರಿಯಲ್ಲಿ ಅದು ನಿಮಿಷಕ್ಕೆ 20 ಮಿಲಿಲೀಟರ್, ಕೊಳವೆ ಹಿಂಡಿ ಸ್ವಲ್ಪಸ್ವಲ್ಪವೇ ನೀರು ತಳ್ಳುವ ಪೆರಿಸ್ಟಾಲ್ಟಿಕ್ ಪಂಪಿಗೆ ಹೇಳಿ ಮಾಡಿಸಿದ ಕೆಲಸ. ಇಷ್ಟು ಸಣ್ಣ ಹರಿವಿಗೆ ಸಿಮೆಂಟ್ ಕೋಡಿ ಹೇಗೆ ನಡೆದುಕೊಳ್ಳುತ್ತದೋ, ಅದನ್ನು ಮೊದಲು ಒಂಟಿ ಕೆರೆಯಲ್ಲಿ ಪರೀಕ್ಷಿಸಬೇಕು. ತೂಬಿಗೆ, ಹೇಳಿದಷ್ಟೇ ತಿರುಗುವ ಸರ್ವೋ ಮೋಟಾರ್ ಕೂರಿಸುವ ಯೋಚನೆಯೂ ಇದೆ. ಅಚ್ಚುಕಟ್ಟಿನ ರೈತರ ಜೊತೆ ಜಗಳವಾಡದ ನೀರುಗಂಟಿ. ಹಲಗೆಯಲ್ಲಿ ನಾಲ್ಕನೇ ಕೆರೆಗೆ ಜಾಗವೇನೋ ಇದೆ. ಆದರೆ ಪಾಲಾರ್ ಕೊಳ್ಳದಲ್ಲಿ ಹೊಸ ಕೆರೆ ಕಟ್ಟಲು 1892ರ ಮೈಸೂರು-ಮದ್ರಾಸ್ ಒಪ್ಪಂದದ ಪ್ರಕಾರ ಮದ್ರಾಸಿನ ಒಪ್ಪಿಗೆ ಬೇಕಲ್ಲ, ಅರ್ಜಿ ಯಾರಿಗೆ ಕೊಡೋದು?