ಥೇಮ್ಸ್‌ನ ಪ್ರಿನ್ಸೆಸ್ ಆಲಿಸ್

ಪ್ರಿನ್ಸೆಸ್ ಆಲಿಸ್ ಹಡಗಿನ ಕಥೆ ಯಾಕೋ ತಲೆಯಿಂದ ಹೋಗುತ್ತಿಲ್ಲ. 1865ರಲ್ಲಿ ಸ್ಕಾಟ್ಲೆಂಡಿನಲ್ಲಿ ಕಟ್ಟಿದ ಹಬೆ ಹಡಗು, ಎರಡೂ ಬದಿಗೆ ದೊಡ್ಡ ಚಕ್ರ. ಲಂಡನ್ ಜನ ಅದರಲ್ಲಿ ಥೇಮ್ಸ್ ನದಿ ಸುತ್ತಿ ಬರುತ್ತಿದ್ದರು.

1878ರ ಸೆಪ್ಟೆಂಬರ್ 3ರ ಸಂಜೆ, ವಾಪಸ್ ಬರುವಾಗ, ಕಲ್ಲಿದ್ದಲು ಸಾಗಿಸುವ ಬೈವೆಲ್ ಕಾಸಲ್ ಹಡಗಿಗೆ ಡಿಕ್ಕಿಯಾಯಿತು. ನಾಲ್ಕೇ ನಿಮಿಷದಲ್ಲಿ ಮುಳುಗಿತು. 600ಕ್ಕೂ ಜಾಸ್ತಿ ಜನ ಸತ್ತರು. ಅದೂ ಎಂಥ ನೀರಿನಲ್ಲಿ! ಸ್ವಲ್ಪ ಹೊತ್ತಿಗೆ ಮುಂಚೆಯಷ್ಟೇ ಊರಿನ ಕೊಳಚೆಯನ್ನೆಲ್ಲ ಅಲ್ಲೇ ನದಿಗೆ ಬಿಟ್ಟಿದ್ದರು.

ನಗರದ ನಡುವೆ ನಾತ ಬರಬಾರದು ಅಂತ ಭಾರಿ ಚರಂಡಿ ಕಟ್ಟಿ, ಹೊಲಸನ್ನು ಕೆಳಗಿನೂರಿನ ಕಡೆ ತಳ್ಳಿದ್ದರು. ಒಳ್ಳೆ ಎಂಜಿನಿಯರಿಂಗೇ, ಇಲ್ಲ ಅನ್ನಲ್ಲ. ಆದರೆ ಕಣ್ಣಿಗೆ ಕಾಣದಿದ್ದರೆ ಸಾಕು ಅನ್ನೋದು ನಮ್ಮ ಬುದ್ಧಿಯೂ ಹೌದು, ಅಲ್ವಾ? 1887ರಿಂದ ಆ ಕೆಸರನ್ನು ಹಡಗಿಗೆ ತುಂಬಿ ಸಮುದ್ರಕ್ಕೆ ಸುರಿಯತೊಡಗಿದರು.