ರಾತ್ರಿ ಹತ್ತರಿಂದ ಬೆಳಗಿನ ಆರು: ಚಿಕ್ಕಪ್ಪನ ಕಾಂಪ್ಲೆಕ್ಸಿನ ಕರೆಂಟ್ ಲೆಕ್ಕ

ಜನವರಿ 11

ದಾವಣಗೆರೆಯಲ್ಲಿ ಚಿಕ್ಕಪ್ಪನದೊಂದು ಕಾಂಪ್ಲೆಕ್ಸ್ ಇದೆ. ಕೆಳಗೆ ಬೆಣ್ಣೆ ದೋಸೆ ಹೋಟೆಲ್ಲು, ಮೆಡಿಕಲ್ ಶಾಪು. ಮೇಲೆ ಮೂರು ಮಹಡಿ ಆಫೀಸುಗಳು. ಬಾಡಿಗೆಯವರಿಗೆಲ್ಲ ಅವರವರದೇ ಮೀಟರ್. ಮೆಟ್ಟಿಲು, ಕಾರಿಡಾರ್, ಲಿಫ್ಟ್, ನೀರಿನ ಮೋಟರ್, ಬೋರ್‌ವೆಲ್ ಮಾತ್ರ ಕಾಮನ್ ಮೀಟರಿನ ಮೇಲೆ. ಡಿಸೆಂಬರ್‌ನಲ್ಲಿ ಅದು ತಿಂದಿದ್ದು 1,840 ಯೂನಿಟ್.

ಚಿಕ್ಕಪ್ಪ ಸೋಲಾರ್ ಹಾಕಿಸೋಣ ಅಂತ ಕೊಟೇಶನ್ ಬೇರೆ ತರಿಸಿದ್ದರು. "ಒಂದು ತಿಂಗಳು ತಡೀರಿ ಚಿಕ್ಕಪ್ಪ, ಮೊದಲು ಎಲ್ಲಿ ಹೋಗ್ತಿದೆ ನೋಡೋಣ" ಅಂದೆ. ನನಗೆ ಇದು ಭಾನುವಾರದ ಹುಚ್ಚು. ಅವರಿಗೆ ಖರ್ಚಿಲ್ಲದ ಎಂಜಿನಿಯರ್.

ಜನವರಿ 19

ಒಂದು ವಾರ ರಾತ್ರಿ 10ಕ್ಕೆ ಒಂದು, ಬೆಳಗ್ಗೆ 6ಕ್ಕೆ ಒಂದು ಮೀಟರ್ ಫೋಟೊ. ಬೆಳಗಿನದನ್ನು ವಾಚ್‌ಮನ್ ಅಜ್ಜ ತೆಗೆದು ವಾಟ್ಸಾಪ್ ಮಾಡುತ್ತಿದ್ದರು. ಎರಡು ದಿನ ಅವರ ಹೆಬ್ಬೆರಳಿನ ಫೋಟೊ ಬಂತು, ಉಳಿದವು ಚೆನ್ನಾಗಿವೆ.

ಸರಾಸರಿ ರಾತ್ರಿಗೆ 17.5 ಯೂನಿಟ್. ಅಂದರೆ ಕಟ್ಟಡದಲ್ಲಿ ಒಬ್ಬ ಮನುಷ್ಯ ಇಲ್ಲದ ಹೊತ್ತಿನಲ್ಲಿ ಎರಡು ಕಿಲೋವ್ಯಾಟ್‌ಗಿಂತ ಜಾಸ್ತಿ ಲೋಡು ಸುಮ್ನೆ ಓಡುತ್ತಿದೆ. ಎರಡು ಇಸ್ತ್ರಿ ಪೆಟ್ಟಿಗೆ ರಾತ್ರಿಯಿಡೀ ಆನ್ ಇಟ್ಟ ಹಾಗೆ.

ಜನವರಿ 26

ರಜೆ. ಎಲೆಕ್ಟ್ರಿಷಿಯನ್ನನ್ನು ಕರೆದುಕೊಂಡು ಪ್ಯಾನಲ್ ಬೋರ್ಡ್ ಬಿಚ್ಚಿಸಿದೆ. ಒಂದೊಂದೇ ವೈರಿಗೆ ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರ್ ಹಾಕಿ ಬರೆದುಕೊಂಡೆವು. ಚೋಕ್ ಇರುವ ಹಳೇ ಟ್ಯೂಬ್‌ಲೈಟ್ 24 ಇವೆ. ಟ್ಯೂಬಿನ ಮೇಲೆ 40 ವ್ಯಾಟ್ ಅಂತಿದ್ದರೂ ಚೋಕ್ ಸೇರಿ 50ರ ಹತ್ತಿರ ಎಳೆಯುತ್ತದೆ. ಎಂಟು ಗಂಟೆಗೆ 9.6 ಯೂನಿಟ್. ಕಟ್ಟಡದ ಹೆಸರಿನ ಬೋರ್ಡಿನ ಫ್ಲಡ್‌ಲೈಟು 2.4. ಎರಡನೇ ಮಹಡಿಯ ವಾಟರ್ ಕೂಲರ್ ಯಾರೂ ಕುಡಿಯದ ನೀರನ್ನು ರಾತ್ರಿಯೆಲ್ಲ ತಣ್ಣಗೆ ಇಡಲು ಸುಮಾರು 2. ಸಿಸಿಟಿವಿಗೆ ಅರ್ಧ. ಕೂಡಿದರೆ 14.5 ಆಯಿತು. ಇನ್ನು 3 ಎಲ್ಲಿ?

ಅಜ್ಜ ಪಕ್ಕದಲ್ಲೇ ಬೀಡಿ ಹಚ್ಚುತ್ತಾ ಅಂದರು: "ಮೋಟರ್ ಐತಲ್ರೀ. ರಾತ್ರಿ ಐದು ಸಲ ಕೂಗ್ತತಿ."

ಇದನ್ನು ಮೊದಲೇ ಹೇಳಬಾರದಿತ್ತಾ ಅಂದರೆ, ಯಾರು ಕೇಳಿದ್ರು ಅಂದರು!

ಫೆಬ್ರವರಿ 2

ನಾನು ಮೊದಲು ಅನುಮಾನಪಟ್ಟಿದ್ದು ಹೋಟೆಲ್ಲಿನವರ ಮೇಲೆ. ನಸುಕಿನಲ್ಲೇ ಬಂದು ಹಿಟ್ಟು, ಪಾತ್ರೆ ಅಂತ ನೀರು ಸುರಿಯುತ್ತಾರೆ ಅಂದುಕೊಂಡೆ. ಚಿಕ್ಕಪ್ಪ ಆಗಲೇ ಅವರ ಮೇಂಟೆನೆನ್ಸ್ ಏರಿಸುವ ಲೆಕ್ಕ ಹಾಕಿದ್ದರು. ಪರೀಕ್ಷೆ ಮಾಡೋಣ ಅಂತ ಶನಿವಾರ ರಾತ್ರಿ ಓವರ್‌ಹೆಡ್ ಟ್ಯಾಂಕಿನಿಂದ ಕೆಳಗಿಳಿಯುವ ಎಲ್ಲ ಗೇಟ್‌ವಾಲ್ವ್ ಮುಚ್ಚಿದೆ. ಒಂದು ಹನಿ ನೀರೂ ಯಾರಿಗೂ ಹೋಗುವಂತಿಲ್ಲ.

ಒಂದು ಗಂಟೆಯಲ್ಲಿ ಟ್ಯಾಂಕಿನ ಮಟ್ಟ ಒಂದು ಗೇಣು ಇಳಿದಿತ್ತು.

ಟ್ಯಾಂಕ್ ಎಲ್ಲೂ ಸೋರಿರಲಿಲ್ಲ, ಕೆಳಗೆಲ್ಲ ಒಣ ಒಣ. ಆಮೇಲೆ ಮೋಟರಿನಿಂದ ಮೇಲೆ ಬರುವ ಪೈಪಿಗೆ ಕಿವಿ ಇಟ್ಟೆ. ಮೋಟರ್ ಆಫ್ ಇದೆ, ಪೈಪಿನೊಳಗೆ ಸರ್ರ್ ಅಂತ ನೀರು ಹೋಗುವ ಸದ್ದು. ಕೆಳಮುಖವಾಗಿ!

ಆಗಿದ್ದು ಇಷ್ಟು. ಆ ಪೈಪು ಟ್ಯಾಂಕಿನ ಬಾಯಿಂದ ಒಳಗಿಳಿದು ನೀರಿನಲ್ಲಿ ಮುಳುಗಿದೆ. ನೀರು ಬೀಳುವಾಗ ಸದ್ದಾಗಬಾರದು ಅಂತ ಯಾರೋ ಹಾಗೆ ಮಾಡಿದ್ದಾರೆ. ಕೆಳಗೆ ಸಂಪಿನಲ್ಲಿ ಪೈಪಿನ ತುದಿಗಿದ್ದ, ನೀರು ವಾಪಸ್ ಇಳಿಯದಂತೆ ತಡೆಯುವ ಫುಟ್ ವಾಲ್ವ್ ಹೋಗಿದೆ. ಮೋಟರ್ ನಿಂತ ಮೇಲೆ ಟ್ಯಾಂಕಿನ ನೀರು ಅದೇ ಪೈಪಿನಲ್ಲಿ ವಾಪಸ್ ಸಂಪಿಗೆ ಇಳಿಯುತ್ತದೆ. ಮಟ್ಟ ಕಮ್ಮಿಯಾದ ಕೂಡಲೇ ಆಟೊ ಕಂಟ್ರೋಲರ್ ಮತ್ತೆ ಮೋಟರ್ ಹಚ್ಚುತ್ತದೆ. ಒಂದೂವರೆ ಎಚ್‌ಪಿ ಮೋಟರು, ಸಲಕ್ಕೆ 25 ನಿಮಿಷ, ರಾತ್ರಿಗೆ ಐದು ಸಲ. ಅದೇ ನೀರನ್ನು ಎತ್ತೋದು, ಇಳಿಸೋದು. ಕಾಣೆಯಾಗಿದ್ದ 3 ಯೂನಿಟ್ ಸಿಕ್ಕಿತು. ಹಗಲೂ ಇದೇ ಕಥೆ ಅನ್ನೋದನ್ನು ಮರೆಯೋ ಹಾಗಿಲ್ಲ.

ಹೋಟೆಲ್ಲಿನವರ ಮುಖ ನೋಡಿ ಮಾತಾಡಲು ಎರಡು ದಿನ ಬೇಕಾಯಿತು ನನಗೆ.

ಫೆಬ್ರವರಿ 8

ಪ್ಲಂಬರ್ ಫುಟ್ ವಾಲ್ವ್ ಬಿಚ್ಚಿದ. ಒಳಗಿನ ರಬ್ಬರ್ ವಾಷರ್ ಅರ್ಧ ಹರಿದಿತ್ತು, ಮಿಕ್ಕಿದ್ದು ಕರಿದ ಹಪ್ಪಳದಂತೆ ಸೊಟ್ಟಗಾಗಿತ್ತು. ಹೊಸ ವಾಲ್ವ್, ಕೂಲಿ ಎಲ್ಲ ಸೇರಿ 1,400 ರೂಪಾಯಿ. ಜೊತೆಗೆ ಟ್ಯಾಂಕಿನೊಳಗಿನ ಪೈಪಿಗೆ ನೀರಿನ ಮಟ್ಟಕ್ಕಿಂತ ಮೇಲೆ ಒಂದು ಸಣ್ಣ ತೂತು ಕೊರೆಸಿದೆ. ಮುಂದೆ ವಾಲ್ವ್ ಕೈಕೊಟ್ಟರೂ ಆ ತೂತಿನಿಂದ ಗಾಳಿ ಹೊಕ್ಕು ಟ್ಯಾಂಕಿನ ನೀರು ಎಳೆದುಕೊಂಡು ಹೋಗುವುದು ನಿಲ್ಲುತ್ತದೆ.

ಮಾರ್ಚ್ 2

ಟ್ಯೂಬ್‌ಗಳೆಲ್ಲ 20 ವ್ಯಾಟಿನ ಎಲ್‌ಇಡಿ ಆದವು. ರಾತ್ರಿ 11ರ ನಂತರ ಒಂದು ಬಿಟ್ಟು ಒಂದು ಆಫ್. ಫ್ಲಡ್‌ಲೈಟಿಗೂ ಕೂಲರಿಗೂ ಟೈಮರ್. ಇದರಲ್ಲಿ ಬರೆಯುವಂಥದ್ದು ಏನೂ ಇಲ್ಲ.

ಬರೆಯಬೇಕಾದ್ದು ಸೆನ್ಸರ್ ಎಡವಟ್ಟು. ಶೌಚಾಲಯಗಳಿಗೆ ಮೋಷನ್ ಸೆನ್ಸರ್ ಹಾಕಿಸಿದೆ. ಟೈಮ್ 1 ನಿಮಿಷಕ್ಕೆ ಇಟ್ಟಿದ್ದು ನನ್ನದೇ ತಪ್ಪು. ಮೂರನೇ ಮಹಡಿಯ ಅಕೌಂಟೆಂಟ್ ಒಳಗೆ ಕೂತಿದ್ದಾಗ ಲೈಟ್ ಹೋಗಿದೆ. ಬಾಗಿಲು ಮುಚ್ಚಿದ್ದರಿಂದ ಕೈ ಬೀಸಿದರೂ ಸೆನ್ಸರಿಗೆ ಕಾಣುವುದಿಲ್ಲ. "ನಿಮ್ಮ ಉಳಿತಾಯ ನಮಗೆ ಕತ್ತಲೆ ಅಲ್ವಾ ಸರ್" ಅಂದರು ಪಾಪ. ಈಗ 10 ನಿಮಿಷ.

ಅವರ ಆಫೀಸಿನ ಎಸಿ 18ರಲ್ಲಿ ಓಡುತ್ತಿತ್ತು, ಒಳಗಿದ್ದವರು ಸ್ವೆಟರ್ ಹಾಕಿಕೊಂಡಿದ್ದರು. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ 6ರಷ್ಟು ಕರೆಂಟ್ ಉಳಿಯುತ್ತದೆ ಅಂತ ಬ್ಯೂರೋ ಆಫ್ ಎನರ್ಜಿ ಎಫಿಶಿಯೆನ್ಸಿಯವರು ಹೇಳುತ್ತಾರೆ. 2020ರ ಜನವರಿಯಿಂದ ಸ್ಟಾರ್ ಲೇಬಲ್ ಇರುವ ಹೊಸ ರೂಮ್ ಎಸಿಗಳು ಆನ್ ಮಾಡಿದರೆ 24ಕ್ಕೇ ಬಂದು ನಿಲ್ಲಬೇಕು ಅಂತ ನಿಯಮವೂ ಇದೆ. ಅವರ ಮೀಟರು, ಅವರ ದುಡ್ಡು. ಹೇಳಿ ಬಂದೆ.

ಏಪ್ರಿಲ್ 6

ಈಗ ರಾತ್ರಿಗೆ 3 ಯೂನಿಟ್ ಚಿಲ್ಲರೆ. ಮಾರ್ಚ್ ಬಿಲ್ಲು 1,120 ಯೂನಿಟ್.

ಚಿಕ್ಕಪ್ಪ ಬಿಲ್ಲು ತಿರುಗಿಸಿ ಮುರುಗಿಸಿ ನೋಡಿದರು. "ಯೂನಿಟ್ ಇಷ್ಟು ಇಳಿದೈತಿ, ದುಡ್ಡು ಯಾಕೋ ಅಷ್ಟು ಇಳಿದಿಲ್ಲ?" ಕಾರಣ ಫಿಕ್ಸೆಡ್ ಚಾರ್ಜ್. ನಾವು ಮಂಜೂರು ಮಾಡಿಸಿಕೊಂಡ ಕಿಲೋವ್ಯಾಟಿನ ಮೇಲೆ ಅದು ಬೀಳುತ್ತದೆ, ದೀಪ ಹಚ್ಚಿದರೂ ಅಷ್ಟೇ, ಆರಿಸಿದರೂ ಅಷ್ಟೇ. ನಮ್ಮದು 25 ಕಿಲೋವ್ಯಾಟ್. ಮೀಟರಿನ ಬಟನ್ ಒತ್ತಿ ನೋಡಿದರೆ ಈ ತಿಂಗಳ ಅತಿ ಹೆಚ್ಚಿನ ಡಿಮ್ಯಾಂಡ್, ಅಂದರೆ ಒಂದೇ ಹೊತ್ತಿಗೆ ಎಳೆದ ಲೋಡು, 14 ಕಿಲೋವ್ಯಾಟ್ ದಾಟಿಲ್ಲ. ಲೋಡ್ ಕಮ್ಮಿ ಮಾಡಿಸಲು ಅರ್ಜಿ ಕೊಡಬಹುದು. ಆದರೆ ಬೇಸಿಗೆಯಲ್ಲಿ ಬೋರ್‌ವೆಲ್ ಜಾಸ್ತಿ ಓಡುತ್ತದೆ. ಮೇ ಕೊನೆಯವರೆಗೆ ನೋಡಿಯೇ ಅರ್ಜಿ ಅಂತ ತೀರ್ಮಾನ. ಸೋಲಾರ್ ಕೊಟೇಶನ್ ಸದ್ಯಕ್ಕೆ ಡ್ರಾಯರಿನಲ್ಲಿ.

ಏಪ್ರಿಲ್ 13

ಬೆಳಗ್ಗೆ ಹೋದರೆ ವಾಚ್‌ಮನ್ ಅಜ್ಜ ನನ್ನನ್ನು ಪಕ್ಕಕ್ಕೆ ಕರೆದರು. ಮುಖದಲ್ಲಿ ಸಣ್ಣ ಸಿಟ್ಟು. ಇಷ್ಟು ವರ್ಷ ಮೋಟರ್ ಕೂಗಿದಾಗಲೆಲ್ಲ ಎದ್ದು ಕಟ್ಟಡ ಒಂದು ಸುತ್ತು ಹಾಕುತ್ತಿದ್ದರಂತೆ. ಈಗ ಕೂಗೋದೇ ಇಲ್ಲ, ಬೆಳಗಿನವರೆಗೆ ಎಚ್ಚರಾನೇ ಆಗಲ್ಲ ಅಂತ ದೂರು. ನನ್ನ ಹಳೇ ಫೋನಿನಲ್ಲಿ ಐದು ಅಲಾರಂ ಇಟ್ಟು ಕೊಟ್ಟಿದ್ದೇನೆ. ಚಿಕ್ಕಪ್ಪನಿಗೆ ಹೇಳಿಲ್ಲ.